ನಾಲಿಗೆ ಕೂಗ್ತು, ಅಂಗುಳ ಸುಮ್ಮನಿತ್ತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಮೊದಲು ಒಂದು ಪ್ರಶ್ನೆ. ಕುದಿಯೋ ಕಾಫೀನ ಅವಸರದಲ್ಲಿ ಗುಟುಕರಿಸಿ ನಾಲಿಗೆ ಸುಟ್ಕೊಂಡಿದ್ದೀರಾ? ಸುಟ್ಕೊಂಡೇ ಇರ್ತೀರಿ. ಆಮೇಲೆ ಎರಡು ದಿನ ಸಾರಿಗೆ ರುಚಿ ಇರಲ್ಲ, ಉಪ್ಪಿನಕಾಯಿ ತಗುಲಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಈಗ ಅದನ್ನೇ ಒಬ್ಬ ಮನುಷ್ಯ ದುಡ್ಡು ಕೊಟ್ಟು, ವಾರಕ್ಕೆ ಎರಡು ಸಲ ಮಾಡ್ಕೊಂಡ ಅಂತ ಇಟ್ಕೊಳ್ಳಿ. ಆ ಮನುಷ್ಯ ನಾನೇ. ನಾನು ಪೈಪ್ ಸೇದೋಕೆ ಕಲೀತಾ ಇದ್ದೆ.

ಮೊದಲೇ ಒಂದು ಮಾತು. ಕರ್ನಾಟಕದಲ್ಲಿ ಈಗ ತಂಬಾಕು ಕೊಳ್ಳೋ ವಯಸ್ಸು 21. ಮೊದಲು 18 ಇತ್ತು, 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನ ಏರಿಸ್ತು. ಹುಕ್ಕಾ ಬಾರ್‌ಗಳನ್ನೂ ನಿಷೇಧಿಸ್ತು. ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200 ರೂಪಾಯಿ ಇದ್ದಿದ್ದು 1000 ಆಯ್ತು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಈ ಸಂಚಿಕೆ ಪೈಪ್ ಸೇದೋದನ್ನ ಕಲಿಸೋ ಪಾಠ ಅಲ್ಲ ಅಂತ ಮೊದಲೇ ಗೊತ್ತಿರಲಿ ಅಂತ ಅಷ್ಟೆ. ಇದು ನಾನು ನಾಲಿಗೆ ಸುಡದ ಹಾಗೆ ಸೇದೋದನ್ನ ಕಲಿತ ಕಥೆ, ಕಲಿತ ಮೇಲೆ ಏನಾಯ್ತು ಅನ್ನೋ ಕಥೆ.

ಪೈಪ್ ಯಾಕೆ? ನಿಜ ಹೇಳ್ಬೇಕಂದ್ರೆ ಸ್ಟೈಲಿಗೆ. ಷರ್ಲಾಕ್ ಹೋಮ್ಸ್ ಬಾಯಲ್ಲಿ ನೋಡಿದ್ದೆ, ಹಳೇ ಸಿನಿಮಾಗಳಲ್ಲಿ ಸೂಟು ಹಾಕಿದ ಸಾಹುಕಾರರ ಬಾಯಲ್ಲಿ ನೋಡಿದ್ದೆ. ಸಿಗರೇಟು ಅಂದ್ರೆ ಚಟ, ಪೈಪ್ ಅಂದ್ರೆ ಹವ್ಯಾಸ ಅನ್ನೋ ಭ್ರಮೆ. ಇನ್ನೊಂದು ನೆಪಾನೂ ಇತ್ತು. ಪೈಪ್ ಸೇದೋರು ಹೊಗೇನ ಶ್ವಾಸಕೋಶಕ್ಕೆ ಎಳ್ಕೊಳ್ಳಲ್ಲ, ಬಾಯಲ್ಲೇ ಆಡಿಸಿ ಬಿಡ್ತಾರೆ. ಹಾಗಾದ್ರೆ ಅಪಾಯ ಕಡಿಮೆ ಅಲ್ವಾ ಅಂತ ನನ್ನ ಲೆಕ್ಕಾಚಾರ. ಈ ಲೆಕ್ಕ ನೆನಪಲ್ಲಿಟ್ಕೊಳ್ಳಿ, ಆಮೇಲೆ ಮತ್ತೆ ಬರ್ತೀನಿ.

ಇದರಲ್ಲಿ ಒಂದು ತಮಾಷೆ ಇದೆ. ನಮ್ಮದು ಹುಣಸೂರು ತಾಲ್ಲೂಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯವರಿಗೆ ಹೇಳ್ಬೇಕಾಗಿಲ್ಲ, ನಮ್ಮ ಕಡೆ ಹೊಲದಲ್ಲಿ ಹೊಗೆಸೊಪ್ಪು, ಹೊಲದ ಅಂಚಿಗೆ ಬ್ಯಾರನ್. ವರ್ಜೀನಿಯಾ ತಂಬಾಕು. ಅಪ್ಪ ಮೂವತ್ತು ವರ್ಷದಿಂದ ಅದನ್ನೇ ಬೆಳೀತಾರೆ, ಒಂದು ದಿನಾನೂ ಬಾಯಿಗಿಟ್ಟಿಲ್ಲ. ಬೆಳೆಯೋ ಮನೆಯ ಮಗ ಬೆಂಗಳೂರಿಗೆ ಬಂದು, ಡಬ್ಬಿಯಲ್ಲಿ ಬಂದ ಅದೇ ಜಾತಿ ತಂಬಾಕನ್ನ ಒಳ್ಳೇ ಬೆಲೆ ಕೊಟ್ಟು ಕೊಂಡ.

ಮೊದಲನೇ ಸಂಜೆ. ರೂಮಿನ ಬಾಲ್ಕನಿ. ಡಬ್ಬಿ ತೆಗೆದೆ, ಒಣದ್ರಾಕ್ಷಿ ಥರದ ವಾಸನೆ. ಪೈಪಿನ ಬಟ್ಟಲಿಗೆ ಒತ್ತಿ ಒತ್ತಿ ತುಂಬಿದೆ, ಕಡ್ಡಿ ಗೀರಿದೆ, ಎಳೆದೆ. ಆರಿತು. ಮತ್ತೆ ಹಚ್ಚಿದೆ, ಜೋರಾಗಿ ಎಳೆದೆ. ಮತ್ತೆ ಆರಿತು. ಹೀಗೇ ಹದಿನೈದು ನಿಮಿಷ ಇಂಜಿನ್ ಥರ ಹೊಗೆ ಬಿಟ್ಟೆ. ಬಟ್ಟಲು ಕೈಯಲ್ಲಿ ಹಿಡಿಯೋಕಾಗದಷ್ಟು ಕಾದಿತ್ತು. ಕೊಳವೆಯಲ್ಲಿ ಗುಳುಗುಳು ಸದ್ದು. ಕೊನೆಗೆ ಕಂದು ಬಣ್ಣದ ಕಹಿ ರಸ ಬಾಯಿಗೇ ಬಂತು.

ರಾತ್ರಿ ಅನ್ನಕ್ಕೆ ತಿಳಿಸಾರು ಹಾಕ್ಕೊಂಡು ಒಂದು ತುತ್ತು ಬಾಯಿಗಿಟ್ಟೆ ನೋಡಿ, ಮರಳು ಕಾಗದದಿಂದ ನಾಲಿಗೆ ಉಜ್ಜಿದ ಹಾಗಾಯ್ತು. ತುದಿ ಮತ್ತು ಅಂಚುಗಳಲ್ಲಿ ಧಗಧಗ. ಮಾರನೇ ದಿನ ಕಾಫಿಗೂ ರುಚಿ ಇಲ್ಲ. ಪೈಪ್ ಸೇದೋರು ಇದಕ್ಕೆ ‘ಟಂಗ್ ಬೈಟ್’ ಅಂತಾರೆ. ನಾಲಿಗೇನ ಹೊಗೆ ಕಚ್ಚೋದು ಅಂತ. ಹೊಸಬರು ಪೈಪ್ ಎಸೆಯೋದು ಹೆಚ್ಚಾಗಿ ಇದೇ ಕಾರಣಕ್ಕೆ. ನಾನು ಎಸೆಯಲಿಲ್ಲ. ಅಲ್ಲೇ ತಪ್ಪಿದ್ದು ಅನ್ಸುತ್ತೆ.

ಯಾಕೆ ಸುಡುತ್ತೆ? ಇದರಲ್ಲಿ ಮೂರು ಸಂಗತಿ ಇವೆ.

ಒಂದು, ಬರೀ ಬಿಸಿ. ಬೇಗ ಬೇಗ ಎಳೆದಷ್ಟೂ ಕೆಂಡಕ್ಕೆ ಗಾಳಿ ಜಾಸ್ತಿ, ಹೊಗೆ ಅಷ್ಟೇ ಬಿಸಿ. ಕುಲುಮೆಗೆ ತಿದಿ ಒತ್ತಿದ ಹಾಗೆ.

ಎರಡು, ಹಬೆ. ಡಬ್ಬಿ ತಂಬಾಕು ಒದ್ದೆ ಇರುತ್ತೆ. ಪರಿಮಳದ ತಂಬಾಕಿಗೆ ಒಣಗದೇ ಇರ್ಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಥರದ್ದನ್ನೂ ಸೇರಿಸ್ತಾರೆ. ಆ ತೇವ ಕೆಂಡದ ಹತ್ತಿರ ಹಬೆಯಾಗಿ ಹೊಗೆ ಜೊತೆ ಬಾಯಿಗೆ ಬರುತ್ತೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಕೈಗೆ ಹಬೆ ಹೊಡೆದಿದ್ಯಾ? ಒಣಗಾಳಿ ಅಷ್ಟೇ ಬಿಸಿ ಇದ್ರೂ ಅಷ್ಟು ಸುಡಲ್ಲ. ಹಬೆ ಚರ್ಮಕ್ಕೆ ತಗುಲಿ ನೀರಾಗುತ್ತಲ್ಲ, ಆಗ ತನ್ನೊಳಗಿನ ಶಾಖಾನೆಲ್ಲ ಅಲ್ಲೇ ಇಳಿಸಿಬಿಡುತ್ತೆ. ನಾಲಿಗೆ ಮೇಲೂ ಅದೇ ಆಗೋದು.

ಮೂರು, ಕ್ಷಾರ. ಇದು ಅರ್ಥ ಆಗ್ಬೇಕಂದ್ರೆ ನಮ್ಮಜ್ಜಿ ಎಲೆ ಅಡಿಕೆ ತಟ್ಟೆ ಹತ್ರ ಹೋಗ್ಬೇಕು. ಅಜ್ಜಿ ವೀಳ್ಯದೆಲೆ ಬೆನ್ನಿಗೆ ಸುಣ್ಣ ಸವರುವಾಗ ಉಗುರಿನ ತುದಿಯಷ್ಟೇ ತಗೊಳ್ತಿದ್ರು. ಚಿಕ್ಕವನಿದ್ದಾಗ ನಾನು ಕದ್ದು ಜಾಸ್ತಿ ಸವರಿ ತಿಂದು ಬಾಯಿ ಬೇಯಿಸ್ಕೊಂಡು ಅತ್ತಿದ್ದೆ. ಸುಣ್ಣ ಕ್ಷಾರ, ಅದಕ್ಕೇ ಸುಡುತ್ತೆ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲದ ಕಡೆ, ಪೈಪ್ ಮತ್ತು ಚುಟ್ಟದ ಹೊಗೆ ಹೆಚ್ಚಾಗಿ ಕ್ಷಾರದ ಕಡೆ. ಅದು ನಾಲಿಗೆಯ ತೆಳು ಪದರಾನ ಕೆಣಕುತ್ತೆ.

ಕ್ಷಾರ ಸುಡೋದಷ್ಟೇ ಅಲ್ಲ, ಇನ್ನೊಂದು ಕೆಲಸಾನೂ ಮಾಡುತ್ತೆ. ಕ್ಷಾರ ಇದ್ದಾಗ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತೆ. ಊರಲ್ಲಿ ಹೊಗೆಸೊಪ್ಪನ್ನ ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ತುಟಿ ಒಳಗೆ ಇಟ್ಕೊಳ್ತಾರಲ್ಲ, ಸುಣ್ಣ ಯಾಕೆ ಅಂದ್ರೆ ಇದಕ್ಕೇ. ಈಗ ನನ್ನ ಆ ಲೆಕ್ಕ ನೆನಪಿಸ್ಕೊಳ್ಳಿ. ‘ಒಳಗೆ ಎಳೀತಿಲ್ಲ, ಹಾಗಾಗಿ ಏನೂ ಆಗಲ್ಲ.’ ಎಳೀಬೇಕಾಗೇ ಇರಲಿಲ್ಲ. ಬಾಯೇ ಸಾಕಿತ್ತು.

ಆದ್ರೆ ಆಗ ಇದ್ಯಾವುದೂ ತಲೆಗೆ ಹೋಗಲಿಲ್ಲ. ನಾನು ಸುಡೋದನ್ನ ನಿಲ್ಲಿಸೋ ಉಪಾಯ ಹುಡುಕ್ತಿದ್ದೆ. ಊರಿಗೆ ಹೋದಾಗ ಬಾಯಿ ತಪ್ಪಿ ಅಪ್ಪನ ಮುಂದೆ ಹೇಳ್ಬಿಟ್ಟೆ. ಬೈತಾರೆ ಅಂದ್ಕೊಂಡೆ. ಅವರು ಬ್ಯಾರನ್ ಒಲೆ ಮುಂದೆ ಕೂತಿದ್ರು. ತಿರುಗಿ ನೋಡಿ, “ಏನ್ಲಾ, ನಾಲ್ಗೆ ಬೇಯಿಸ್ಕೊಂಡ್ಯಾ?” ಅಂದ್ರು. ಆಮೇಲೆ ಒಲೆ ಕಡೆ ಕೈ ತೋರಿಸಿ, “ಸೊಪ್ಪು ಬೇಯ್ಸೋಕೇ ನಾವು ಐದಾರು ದಿನ ಕಾಯ್ತೀವಿ. ಮೊದ್ಲು ಹಳದಿಗೆ ಬರ್ಬೇಕು, ಆಮೇಲೆ ಎಲೆ ಒಣಗ್ಬೇಕು, ಕೊನೆಗೆ ದಂಟು. ಒಂದೇ ಸಲ ಉರಿ ಏರಿಸಿದ್ರೆ ಎಲ್ಲಾ ಕಪ್ಪು. ನಿಂಗ್ಯಾಕೆ ಅಷ್ಟು ಅವಸರ?” ಅಂದ್ರು.

ಬ್ಯಾರನ್ ನೋಡದೇ ಇರೋರಿಗೆ ಹೇಳ್ತೀನಿ. ಒಳಗಿನ ಬಿಸಿ ಸುಮಾರು 35 ಡಿಗ್ರಿಯಿಂದ ಶುರುವಾಗಿ, ಮೆಲ್ಲಮೆಲ್ಲಗೆ ಏರಿ, ಕೊನೆಗೆ 70ರ ಹತ್ತಿರ ಹೋಗುತ್ತೆ. ಹೀಗೆ ಹದ ಮಾಡಿದ ಎಲೆಯಲ್ಲಿ ಸಕ್ಕರೆ ಅಂಶ ಉಳ್ಕೊಳ್ಳುತ್ತೆ. ಅದಕ್ಕೇ ವರ್ಜೀನಿಯಾಗೆ ಆ ಸಿಹಿ ವಾಸನೆ. ಅವಸರದಲ್ಲಿ ಎಳೆದ್ರೆ ನಾಲಿಗೆ ಕಚ್ಚೋದ್ರಲ್ಲಿ ಹೆಸರುವಾಸಿಯೂ ಅದೇ.

ಅಪ್ಪ ಹೇಳಿದ್ದು ಬುದ್ಧಿಮಾತು. ನಾನು ಅದನ್ನ ತಾಂತ್ರಿಕ ಸಲಹೆ ಅಂತ ತಗೊಂಡೆ. ಬೆಂಗಳೂರಿಗೆ ಬಂದು ಎಲ್ಲಾ ಸರಿಮಾಡ್ಕೊಂಡೆ. ಏನೇನು ಅಂತ ಮುಚ್ಚುಮರೆ ಇಲ್ಲದೆ ಹೇಳ್ತೀನಿ.

ತಂಬಾಕನ್ನ ಡಬ್ಬಿಯಿಂದ ತೆಗೆದು ಪೇಪರ್ ಮೇಲೆ ಹರಡಿ ಅರ್ಧ ಗಂಟೆ, ಒಂದು ಗಂಟೆ ಒಣಗಿಸೋದು. ಎರಡು ಬೆರಳಲ್ಲಿ ಒತ್ತಿದ್ರೆ ಉಂಡೆಯಾಗಿ ಉಳಿಬಾರದು, ಮೆಲ್ಲಗೆ ಬಿಚ್ಕೋಬೇಕು. ತುಂಬುವಾಗ ಕೆಳಗಡೆ ಸಡಿಲ, ಮೇಲೆ ಸ್ವಲ್ಪ ಬಿಗಿ. ಮೊದಲು ಒಮ್ಮೆ ಹಚ್ಚಿ, ಮೇಲ್ಪದರ ಕರಗಾದ ಮೇಲೆ ಮೆದುವಾಗಿ ಒತ್ತಿ, ಮತ್ತೆ ಹಚ್ಚೋದು. ಎಳೆಯೋದಲ್ಲ, ಬಿಸಿ ಹಾಲು ಹೀರೋ ಹಾಗೆ ಚೂರು ಚೂರು ಹೀರೋದು. ಆರಿದ್ರೆ ಆರಲಿ ಅಂತ ಬಿಡೋದು. ಬಟ್ಟಲು ಕೆನ್ನೆಗೆ ತಾಗಿಸಿದ್ರೆ ಬಿಸಿ ತಡ್ಕೊಳ್ಳೋಕೆ ಆಗ್ತಿಲ್ವಾ, ಕೆಳಗಿಟ್ಟುಬಿಡೋದು. ಮಧ್ಯೆ ಮಧ್ಯೆ ನೀರು ಕುಡಿಯೋದು. ಗುಳುಗುಳು ಅಂದ್ರೆ ಕೊಳವೆಗೆ ಕ್ಲೀನರ್ ಕಡ್ಡಿ ಹಾಕಿ ತೇವ ತೆಗೆಯೋದು. ಒಂದೇ ಪೈಪನ್ನ ದಿನಾ ಬಳಸದೆ ಒಣಗೋಕೆ ಬಿಡೋದು. ಕೊನೇದು, ಬಾಯಲ್ಲಿಡೋ ತುದೀನ ಸ್ವಲ್ಪ ಮೇಲ್ಮುಖವಾಗಿ ಹಿಡಿಯೋದು. ಆಗ ಹೊಗೆ ನೇರವಾಗಿ ನಾಲಿಗೆ ಮೇಲೆ ಬೀಳಲ್ಲ.

ಇವೆಲ್ಲ ಕೆಲಸ ಮಾಡ್ತವಾ? ಮಾಡ್ತವೆ. ಸುಳ್ಳು ಹೇಳಲ್ಲ. ಎರಡು ತಿಂಗಳಲ್ಲಿ ನಾಲಿಗೆ ಉರಿ ನಿಂತೇ ಹೋಯ್ತು. ಮುಕ್ಕಾಲು ಗಂಟೆ ಒಂದೇ ಬಟ್ಟಲು ಸೇದೋಷ್ಟು ಪಳಗಿದೆ. ನಂಗೆ ನಾನೇ ಶಹಬ್ಬಾಸ್ ಅಂದ್ಕೊಂಡೆ. ಮೊದಲು ಶನಿವಾರ ಭಾನುವಾರ ಮಾತ್ರ ಇದ್ದಿದ್ದು, ನಾಲಿಗೆ ಉರಿ ಇಲ್ಲ ಅಂತ ದಿನಾ ಸಂಜೆ ಆಯ್ತು. ಆಮೇಲೆ ಬೆಳಗ್ಗೆ ಕಾಫಿ ಜೊತೆನೂ. ಗಮನಿಸಿ, ನಾಲಿಗೆ ಸುಡ್ತಿದ್ದಾಗ ನಾನು ವಾರಕ್ಕೆ ಎರಡು ಸಲ ಸೇದ್ತಿದ್ದೆ. ಸುಡೋದು ನಿಂತ ಮೇಲೆ ದಿನಕ್ಕೆ ಎರಡು ಸಲ. ಉರಿ ನನ್ನನ್ನ ತಡೆದು ನಿಲ್ಲಿಸ್ತಿತ್ತು ಅಂತ ಆಗ ಹೊಳೀಲೇ ಇಲ್ಲ.

ಒಂದು ವರ್ಷದ ಮೇಲೆ ಬುದ್ಧಿಹಲ್ಲು ನೋಯ್ತು ಅಂತ ದಂತವೈದ್ಯರ ಹತ್ರ ಹೋದೆ. ಆ ಡಾಕ್ಟರಮ್ಮ ಹಲ್ಲು ನೋಡಿದ್ರು, ಆಮೇಲೆ “ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ, ತಲೆ ಹಿಂದಕ್ಕೆ” ಅಂದ್ರು. ಲೈಟು ಮೇಲಕ್ಕೆ ತಿರುಗಿಸಿದ್ರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ರು, “ನೀವು ಏನು ಸೇದ್ತೀರಿ?” ಸೇದ್ತೀರಾ ಅಂತ ಕೇಳಲಿಲ್ಲ, ಏನು ಸೇದ್ತೀರಿ ಅಂತ.

ಕೈಗನ್ನಡಿ ಕೊಟ್ಟು ತೋರಿಸಿದ್ರು. ಬಾಯಿಯ ಮೇಲ್ಛಾವಣಿ, ಅಂಗುಳ. ಗುಲಾಬಿ ಬಣ್ಣ ಇರ್ಬೇಕಾದ್ದು ಬೂದು ಬಿಳುಪಾಗಿತ್ತು. ಒಣಗಿದ ಕೆರೆ ತಳದಲ್ಲಿ ಮಣ್ಣು ಬಿರುಕು ಬಿಟ್ಟಿರುತ್ತಲ್ಲ, ಹಾಗೆ. ಮಧ್ಯೆ ಮಧ್ಯೆ ಸಣ್ಣ ಗುಳ್ಳೆ, ಪ್ರತಿ ಗುಳ್ಳೆ ನಡುವೆ ಒಂದು ಕೆಂಪು ಚುಕ್ಕಿ. ಆ ಕೆಂಪು ಚುಕ್ಕಿಗಳು ಜೊಲ್ಲು ಸುರಿಸೋ ಪುಟ್ಟ ಗ್ರಂಥಿಗಳ ಬಾಯಿಗಳು, ಊದಿಕೊಂಡಿವೆ ಅಂದ್ರು. ಇದಕ್ಕೆ ‘ನಿಕೋಟಿನಿಕ್ ಸ್ಟೊಮಟೈಟಿಸ್’ ಅಂತ ಹೆಸರು. ಪೈಪ್ ಸೇದೋರಲ್ಲಿ ಕಾಣೋದು ಹೆಚ್ಚು. ಹೆಸರಲ್ಲಿ ನಿಕೋಟಿನ್ ಇದ್ರೂ ಮುಖ್ಯ ಕಾರಣ ಬಿಸಿ. ಹಲ್ಲುಸೆಟ್ಟು ಹಾಕ್ಕೊಳ್ಳೋರಲ್ಲಿ ಸೆಟ್ಟು ಮುಚ್ಚಿದಷ್ಟು ಜಾಗ ಚೆನ್ನಾಗೇ ಇರುತ್ತಂತೆ, ಬಿಸಿ ತಗುಲಿದ ಕಡೆ ಮಾತ್ರ ಹೀಗೆ.

ನಾನು ಹೇಳಿದೆ, “ಮೇಡಂ, ನಂಗೆ ಏನೂ ನೋವೇ ಇಲ್ವಲ್ಲ.”

“ಅದೇ ಸಮಸ್ಯೆ,” ಅಂದ್ರು. “ನಾಲಿಗೆ ಕೂಗುತ್ತೆ. ಅಂಗುಳ ಅಷ್ಟು ಬೇಗ ಕೂಗಲ್ಲ.”

ಆಗ ನೆನಪಾಯ್ತು. ಪೈಪ್ ತುದೀನ ಮೇಲ್ಮುಖವಾಗಿ ಹಿಡಿಯೋ ಉಪಾಯ. ಹೊಗೆ ನಾಲಿಗೆ ಮೇಲೆ ಬೀಳದ ಹಾಗೆ ನೋಡ್ಕೊಂಡೆ ಸರಿ, ಆ ಹೊಗೆ ಎಲ್ಲಿಗೆ ಹೋಯ್ತು ಅಂತ ಒಂದು ದಿನಾನೂ ಯೋಚಿಸಿರಲಿಲ್ಲ. ಒಬ್ಬರ ಮನೆಗೆ ನೀರು ನುಗ್ಗದ ಹಾಗೆ ಬದು ಹಾಕಿ, ಪಕ್ಕದ ಮನೆಗೆ ತಿರುಗಿಸಿದ್ದೆ. ಎರಡೂ ಮನೆ ನಂದೇ.

ಇದು ಕ್ಯಾನ್ಸರಾ ಅಂತ ಕೇಳಿದೆ. ಬಾಯಿ ಒಣಗಿತ್ತು. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಸೇದೋರಲ್ಲಿ ಬರೋ ಈ ಬಗೆ, ಬಿಟ್ರೆ ಕೆಲವು ವಾರಗಳಲ್ಲಿ ಹೋಗುತ್ತೆ. ಆದ್ರೆ ಇದು ಒಂದು ಗುರುತು. ಈ ಬಾಯಿಗೆ ಎಷ್ಟು ಹೊಗೆ, ಎಷ್ಟು ಬಿಸಿ ಬಿದ್ದಿದೆ ಅನ್ನೋದರ ಗುರುತು. ಅದೇ ಹೊಗೆ ನಾಲಿಗೆ ಅಡಿಗೆ, ಕೆನ್ನೆ ಒಳಗೆ, ಗಂಟಲಿಗೆ ಹೋಗಿರುತ್ತೆ, ಅಲ್ಲಿ ಬರೋ ಬಿಳಿ ಮಚ್ಚೆಗಳೆಲ್ಲ ಇಷ್ಟು ಸಾಧು ಇರಲ್ಲ. ಬಿಟ್ಟ ಮೇಲೂ ಹೋಗದೇ ಇದ್ರೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕಾಗುತ್ತೆ.

ಇನ್ನೊಂದು ವಿಷಯ ಹೇಳಿದ್ರು, ನನ್ನ ಮನಸ್ಸಿಂದ ಇನ್ನೂ ಹೋಗಿಲ್ಲ. ಆಂಧ್ರದ ಕರಾವಳಿಯಲ್ಲಿ, ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆ, ಚುಟ್ಟವನ್ನ ತಿರುಗಿಸಿ ಸೇದೋ ರೂಢಿ ಇದೆ. ಉರಿಯೋ ತುದಿಯೇ ಬಾಯಿ ಒಳಗೆ. ಹೆಚ್ಚಾಗಿ ಹೆಂಗಸರು, ವಯಸ್ಸಾದವರು. ಅವರಲ್ಲಿ ಇದೇ ಅಂಗುಳದ ಬದಲಾವಣೆ ತುಂಬಾ ತೀವ್ರವಾಗಿ ಬರುತ್ತೆ, ಬೇರೆ ಕಡೆ ಅಪರೂಪವಾದ ಅಂಗುಳದ ಕ್ಯಾನ್ಸರ್ ಅಲ್ಲಿ ಕಾಣುತ್ತೆ. ಅವರು ಕೆಂಡಾನೇ ಒಳಗಿಡ್ತಾರೆ, ನಾನು ಒಂದು ಗೇಣು ದೂರ ಇಡ್ತೀನಿ. ವ್ಯತ್ಯಾಸ ಅಷ್ಟೇನಾ ಅನ್ನಿಸ್ತು.

ಮನೆಗೆ ಬಂದು ಓದ್ತಾ ಕೂತೆ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಗೊತ್ತಲ್ಲ, ಕೈಯಲ್ಲಿ ಸಿಗಾರ್ ಹಿಡಿದ ಫೋಟೋ. 1923ರಲ್ಲಿ ಅವರ ಬಾಯಲ್ಲಿ, ದವಡೆ ಮತ್ತು ಅಂಗುಳದ ಕಡೆ, ಗಡ್ಡೆ ಕಾಣಿಸ್ತು. 1939ರಲ್ಲಿ ತೀರ್ಕೊಳ್ಳೋವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಬಾಯಿಗೂ ಮೂಗಿಗೂ ನಡುವೆ ಗೋಡೆಯ ಬದಲು ಕೃತಕ ಅಚ್ಚು. ಅಷ್ಟಾದ್ರೂ ಸಿಗಾರ್ ಬಿಡೋಕೆ ಆಗಲಿಲ್ಲ. ಮನುಷ್ಯನ ಮನಸ್ಸನ್ನ ಬಿಚ್ಚಿ ನೋಡಿದವರಿಗೇ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿನ ಹೊಗೆಯನ್ನ ಕ್ಯಾನ್ಸರ್ ತರೋದು ಖಚಿತ ಅನ್ನೋ ಒಂದನೇ ಗುಂಪಿನಲ್ಲಿ ಇಟ್ಟಿದೆ. ಪೈಪಿಗೆ, ಸಿಗಾರಿಗೆ ವಿನಾಯಿತಿ ಇಲ್ಲ. ನಮ್ಮ ಅಡಿಕೆಯೂ ಅದೇ ಗುಂಪಿನಲ್ಲಿದೆ, ಅಜ್ಜಿಯ ತಟ್ಟೆ ಬಗ್ಗೆ ಪ್ರೀತಿಯಿಂದ ಹೇಳಿದೆ ಅಂತ ಇದನ್ನ ಮುಚ್ಚಿಡಲ್ಲ.

ಬಿಟ್ಟೆ. ಅಷ್ಟು ಸುಲಭವಾಗಿ ಒಂದು ಪದದಲ್ಲಿ ಹೇಳಿದೆ, ಹಾಗಿರಲಿಲ್ಲ. ‘ಹವ್ಯಾಸ’ ಅಂದ್ಕೊಂಡಿದ್ದು ನಾಲ್ಕನೇ ದಿನಕ್ಕೆ ತನ್ನ ನಿಜವಾದ ಹೆಸರು ಹೇಳ್ತು. ಸಂಜೆ ಆಯ್ತು ಅಂದ್ರೆ ಸಿಡುಕು, ತಲೆನೋವು, ಕೈಗೆ ಕೆಲಸ ಇಲ್ಲ ಅನ್ನೋ ಚಡಪಡಿಕೆ. ಸರ್ಕಾರದ ತಂಬಾಕು ಬಿಡೋ ಸಹಾಯವಾಣಿಗೆ ಫೋನ್ ಮಾಡಿದೆ, ನಂಬರ್ 1800-11-2356. ತಂಬಾಕು ಪೊಟ್ಟಣದ ಮೇಲೇ ಅಚ್ಚಾಗಿರುತ್ತೆ, ನಾವು ನೋಡಲ್ಲ ಅಷ್ಟೆ. ಅಲ್ಲಿ ಮಾತಾಡಿದವರು ಉಪದೇಶ ಮಾಡಲಿಲ್ಲ. ಯಾವ ಹೊತ್ತಿಗೆ ಆಸೆ ಜಾಸ್ತಿ ಅಂತ ಕೇಳಿದ್ರು. ಬಾಲ್ಕನಿ ಅಂದೆ. ಆ ಹೊತ್ತಿಗೆ ಬಾಲ್ಕನಿಗೆ ಹೋಗ್ಬೇಡಿ, ಕೆಳಗಿಳಿದು ಹತ್ತು ನಿಮಿಷ ನಡೀರಿ ಅಂದ್ರು. ಕೇಳೋಕೆ ಏನೂ ಅನ್ಸಲ್ಲ, ನಂಗೆ ಕೆಲಸಕ್ಕೆ ಬಂತು. ಒಂದು ಸಲ ಜಾರಿದೆ, ಸ್ನೇಹಿತನ ಮದುವೇಲಿ. ಮಾರನೇ ದಿನ ಮತ್ತೆ ಲೆಕ್ಕ ಶುರು ಮಾಡಿದೆ.

ಆರು ವಾರದ ಮೇಲೆ ಅದೇ ಕುರ್ಚಿ, ಅದೇ ಲೈಟು. ಡಾಕ್ಟರಮ್ಮ ಕೈಗನ್ನಡಿ ಕೊಟ್ರು. ಅಂಗುಳ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ಮಾತ್ರ ತೆಳು ಬಿಳುಪು. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಂಡು ಹೋಗಿ ಅಂದ್ರು. ಹೋಗ್ತಿದ್ದೀನಿ.

ಈಗ ನಿಮಗೆ. ಹೊಸದಾಗಿ ಪೈಪ್ ಹಿಡಿದು ನಾಲಿಗೆ ಸುಟ್ಕೊಂಡು ಉಪಾಯ ಹುಡುಕ್ತಾ ಇದ್ದೀರಾ ಅಂತಾದ್ರೆ, ಉಪಾಯಗಳನ್ನ ಈಗಾಗಲೇ ಹೇಳಿದ್ದೀನಿ, ಅವು ಕೆಲಸಾನೂ ಮಾಡ್ತವೆ. ಆದ್ರೆ ಅವು ಮಾಡೋ ಕೆಲಸ ಏನು ಅಂದ್ರೆ, ಗಂಟೆ ಹೊಡೆಯೋದನ್ನ ನಿಲ್ಲಿಸ್ತವೆ. ಬೆಂಕೀನ ಅಲ್ಲ. ನಾಲಿಗೆ ಸುಡದ ಹಾಗೆ ಸೇದೋಕೆ ಬಂತು ಅಂದ್ರೆ ಬಾಯಿಗೆ ಏನೂ ಆಗ್ತಿಲ್ಲ ಅಂತಲ್ಲ, ಆಗ್ತಿರೋದು ಗೊತ್ತಾಗ್ತಿಲ್ಲ ಅಂತ. ನಾಲಿಗೆ ಉರೀತಿದ್ಯಾ? ಅದೇ ಒಳ್ಳೇ ಗಳಿಗೆ. ಇನ್ನೂ ಚಟ ಕಚ್ಚಿಲ್ಲ, ಬರೀ ಹೊಗೆ ಕಚ್ಚಿದೆ. ಅಲ್ಲೇ ಇಟ್ಟುಬಿಡಿ.

ಈಗಾಗಲೇ ಸೇದ್ತಾ ಇರೋರು, ಗುಟ್ಕಾ, ಹೊಗೆಸೊಪ್ಪು ಹಾಕೋರು, ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಹಲ್ಲುಜ್ಜುವಾಗ ಮೊಬೈಲ್ ಟಾರ್ಚ್ ಹಾಕಿ ಕನ್ನಡಿ ಮುಂದೆ ಬಾಯಿ ತೆಗೀರಿ. ನಾಲಿಗೆ ಎತ್ತಿ ಅಡಿ ನೋಡಿ, ಎರಡೂ ಅಂಚು ನೋಡಿ, ಕೆನ್ನೆ ಎಳೆದು ಒಳಗೆ ನೋಡಿ, ತಲೆ ಹಿಂದಕ್ಕೆ ಬಾಗಿಸಿ ಅಂಗುಳ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ವಾಸಿಯಾಗದ ಹುಣ್ಣು ಎರಡು ವಾರ ದಾಟಿ ಉಳಿದಿದ್ರೆ, ನೋವಿಲ್ಲ ಅಂತ ಸುಮ್ಮನಾಗ್ಬೇಡಿ, ದಂತವೈದ್ಯರಿಗೆ ತೋರಿಸಿ. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗ್ತಿಲ್ಲ ಅಂದ್ರೂ ತೋರಿಸಿ.

ಹೋದ ಸಲ ಊರಿಗೆ ಹೋದಾಗ ಅಪ್ಪನಿಗೆ ಎಲ್ಲಾ ಹೇಳಿದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಮೂವತ್ತು ವರ್ಷ ಆ ಸೊಪ್ಪಿಂದಲೇ ನನ್ನನ್ನ ಓದಿಸಿದವರು, ಏನು ಹೇಳ್ತಾರೆ? ಕೊನೆಗೆ, “ಮುಂದಿನ ವರ್ಷ ಒಂದೆಕರೆಗೆ ರಾಗಿ ಹಾಕವಾ ಅಂತಿದ್ದೀನಿ ಕಣಪ್ಪ,” ಅಂದ್ರು. ಪೈಪ್ ಸುದ್ದಿ ಎತ್ತಲಿಲ್ಲ. ಅಮ್ಮ ಒಳಗಿಂದ ಬಿಸಿ ಬಿಸಿ ಕಾಫಿ ತಂದ್ರು. ನಾನು ಆರೋಕೆ ಬಿಟ್ಟು ಕುಡಿದೆ.

ಸೇದೋ ಸ್ನೇಹಿತರು ಯಾರಾದ್ರೂ ಇದ್ರೆ ಈ ಸಂಚಿಕೆ ಕಳಿಸಿ. ಬೈದು ಕಳಿಸ್ಬೇಡಿ, ಸುಮ್ಮನೆ ಕಳಿಸಿ. ಮತ್ತೆ ಸಿಗೋಣ.